ಕಕ್ಕಡ ತಿಂಗಳಿಗೆ ಹಳೇ ರಾಕೆಟ್ ಕಾದಂಬರಿಗಳು: ಎಲ್ಲಿಂದ ಶುರು, ಹೇಗೆ ಓದೋದು?

ಕಕ್ಕಡಮಳೆ (ವಿರಾಜಪೇಟೆ)

ನಮ್ಮ ಓದುಗರ ಗುಂಪಿಗೆ ಕಕ್ಕಡಕ್ಕೆ, ಅಂದ್ರೆ ಜುಲೈ-ಆಗಸ್ಟಿನ ಮಳೆ ತಿಂಗಳಿಗೆ, ಒಂದು ಪಟ್ಟಿ ಬೇಕು. ಹಗಲೆಲ್ಲ ನಾಟಿ ಗಡಿಬಿಡಿ, ಸಂಜೆ ಆದ್ರೆ ಕರೆಂಟಿಲ್ಲ, ಟವರ್ ಇಲ್ಲ. ತಲೆಗೆ ಕೆಲಸ ಕೊಡೋ ಪುಸ್ತಕ ಈ ಸಲ ಬೇಡ ಅಂತ ಎಲ್ಲರದ್ದೂ ಒಂದೇ ಮಾತು. 1960ಕ್ಕಿಂತ ಹಿಂದಿನ ಲಘುವಾದ ಬಾಹ್ಯಾಕಾಶ ಸಾಹಸ ಬೇಕು: ಹಿತ್ತಲಲ್ಲಿ ಕಟ್ಟಿದ ರಾಕೆಟ್ಟು, ಕಿರಣ ಬಿಡೋ ಪಿಸ್ತೂಲು, ಮಂಗಳನ ರಾಜಕುಮಾರಿ, ಆ ಜಾತಿಯವು.

ಪಟ್ಟಿ ಆಗೋ ಮೊದಲೇ ಎರಡು ಪಕ್ಷ ಆಗಿದೆ. ಒಂದು ಪಕ್ಷದವರು "ಇದರಲ್ಲಿರೋ ವಿಜ್ಞಾನ ಪೂರಾ ತಪ್ಪು, ಓದಿ ಏನು ಪ್ರಯೋಜನ" ಅಂತಾರೆ. ಇನ್ನೊಂದು ಪಕ್ಷಕ್ಕೆ ವಿಜ್ಞಾನದ ಚಿಂತೆ ಇಲ್ಲ. "ಅರವತ್ತು ಪುಟ ಆಗೋ ಹೊತ್ತಿಗೆ ಅದೇ ಸೆರೆ, ಅದೇ ಪಾರು, ಮತ್ತೆ ಸೆರೆ. ನಿದ್ದೆ ಬರುತ್ತೆ" ಅನ್ನೋದು ಅವರ ತಕರಾರು.

ಗೊತ್ತಿರೋರು ಹೇಳಿ. ಯಾವುದರಿಂದ ಶುರು? ಬೋರಾಗದ ಹಾಗೆ ಓದೋದು ಹೇಗೆ? ಕನ್ನಡಕ್ಕೆ ಮಾಡಿ ಗುಂಪಲ್ಲಿ ಗಟ್ಟಿಯಾಗಿ ಓದಿದ್ರೆ, ಆಮೇಲೆ ಅಚ್ಚು ಹಾಕಿಸಿದ್ರೆ ಹಕ್ಕಿನ ತಕರಾರು ಬರುತ್ತಾ?

ಬಾಳೆಲೆ ಬೆಕ್ಕು

ಮೊದಲು ಕಕ್ಕಡದ ಮದ್ದು ಸೊಪ್ಪಿನ ಪಾಯಸ, ಆಮೇಲೆ ರಾಕೆಟ್ಟು.

ಸೋಮವಾರಪೇಟೆ ಮಾಷ್ಟ್ರು

ಎರಡನೇ ಪಕ್ಷದವರ ತಕರಾರಿಗೆ ಕಾರಣ ಇದೆ, ಪರಿಹಾರವೂ ಇದೆ. ಈ ಕತೆಗಳು ಪುಸ್ತಕವಾಗಿ ಹುಟ್ಟಿದ್ದಲ್ಲ. ಎಡ್ಗರ್ ರೈಸ್ ಬರೋಸ್ ಅವರ ಮೊದಲ ಮಂಗಳ ಕತೆ 1912ರ ಫೆಬ್ರವರಿಯಿಂದ ಜುಲೈವರೆಗೆ ಒಂದು ಮಾಸಿಕದಲ್ಲಿ ಆರು ಕಂತಾಗಿ ಬಂತು. ಪುಸ್ತಕ ಆಗಿದ್ದು 1917ರಲ್ಲಿ. ಇ. ಇ. ಸ್ಮಿತ್ ಅವರ ‘ಸ್ಕೈಲಾರ್ಕ್ ಆಫ್ ಸ್ಪೇಸ್’ 1928ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ನ ಮೂರು ಸಂಚಿಕೆಗಳಲ್ಲಿ ಬಂತು. ಅವರದ್ದೇ ‘ಗ್ಯಾಲಾಕ್ಟಿಕ್ ಪೆಟ್ರೋಲ್’ 1937ರ ಸೆಪ್ಟೆಂಬರಿಂದ ಮತ್ತೆ ಆರು ಕಂತು.

ತಿಂಗಳಿಗೊಂದು ಕಂತು ಅಂದ್ರೆ ಏನಾಗುತ್ತೆ? ಓದುಗ ಹಿಂದಿನದ್ದು ಮರೆತಿರ್ತಾನೆ, ಹಾಗಾಗಿ ಲೇಖಕ ಖಳನಾಯಕನ ಕ್ರೌರ್ಯವನ್ನ, ಹಡಗಿನ ಬಣ್ಣವನ್ನ ಮತ್ತೆ ಹೇಳ್ತಾನೆ. ಮುಂದಿನ ಸಂಚಿಕೆ ಖರ್ಚಾಗಬೇಕು, ಹಾಗಾಗಿ ಕೊನೇ ಪುಟದಲ್ಲಿ ನಾಯಕನ ಕೈಕಾಲು ಕಟ್ಟಿರಲೇಬೇಕು. ಪದಕ್ಕಿಷ್ಟು ಅಂತ ಸಂಭಾವನೆ ಬೇರೆ, ಅದಕ್ಕೇ ಒಂದು ನಾಮಪದಕ್ಕೆ ನಾಲ್ಕು ವಿಶೇಷಣ. ಇದನ್ನೆಲ್ಲ ಒಂದೇ ರಾತ್ರಿ ನುಂಗಿದ್ರೆ ನೆನಪಿಸಿದ್ದೆಲ್ಲ ಪುನರುಕ್ತಿ ಆಗುತ್ತೆ, ಸೆರೆ ಸಿಕ್ಕಿದ್ದೆಲ್ಲ ಏಕತಾನ ಆಗುತ್ತೆ. ‘ಸುಧಾ’, ‘ತರಂಗ’ದ ಧಾರಾವಾಹಿಗೆ ವಾರ ಪೂರ್ತಿ ಕಾದವರಿಗೆ ನಾನು ಹೇಳ್ತಿರೋದು ಥಟ್ಟನೆ ಗೊತ್ತಾಗುತ್ತೆ.

ಕ್ರಮ ಹೀಗಿಟ್ಕೊಳ್ಳಿ. ಪುಸ್ತಕವನ್ನ ಅದರ ಮೂಲ ಕಂತಿನ ಲೆಕ್ಕಕ್ಕೆ ಭಾಗ ಮಾಡಿ. ಮೂಲ ಕಂತು ಎಲ್ಲಿ ಮುರಿದಿತ್ತು ಅಂತ ಗೊತ್ತಿಲ್ಲದಿದ್ರೆ 8ರಿಂದ 10 ಸಾವಿರ ಪದಕ್ಕೊಂದು ಭಾಗ, ಅಂದ್ರೆ ಆ ಕಾಲದ ಚಿಕ್ಕ ಪುಸ್ತಕದಲ್ಲಿ ಹೆಚ್ಚುಕಮ್ಮಿ ಮೂವತ್ತು ಪುಟ. ವಾರಕ್ಕೆ ಎರಡು ಭಾಗ. ಅಧ್ಯಾಯ ಮುಗಿದಲ್ಲಿ ನಿಲ್ಲಿಸಬೇಡಿ, ನಾಯಕ ಸಿಕ್ಕಿಬಿದ್ದಲ್ಲಿ ನಿಲ್ಲಿಸಿ. ಮುಖ್ಯವಾಗಿ ಯಾರೂ ಮುಂದೆ ಓದಿಕೊಂಡು ಬರಬಾರದು. ಹೇಗೆ ಪಾರಾಗ್ತಾನೆ ಅಂತ ನಡುವಿನ ಮೂರು ದಿನ ವಾದ ಮಾಡೋದೇ ಅರ್ಧ ಮಜಾ.

ನಾಪೋಕ್ಲು ನಾವಿಕ

ಮಾಷ್ಟ್ರೇ, ಒಪ್ಪಲ್ಲ. ಮೂರು ದಿನ ಬಿಟ್ರೆ ಆ ಹೆಸರುಗಳು ಯಾರಿಗೆ ನೆನಪಿರ್ತವೆ? ಇಂಥ ಕತೆಗೆ ವೇಗ ಬೇಕು. ಒಂದು ಜಡಿಮಳೆಯ ಭಾನುವಾರ, ಕೂತು ಮುಗಿಸಿ ಏಳಬೇಕು.

ಸೋಮವಾರಪೇಟೆ ಮಾಷ್ಟ್ರು

ವೇಗ ಇರೋದು ಕಂತಿನ ಒಳಗೆ, ಕಂತುಗಳ ನಡುವೆ ಅಲ್ಲ. ಹೆಸರಿಗೆ ಒಂದು ಚೀಟಿ ಸಾಕು, ಯಾವ ಕಾದಂಬರಿಯಲ್ಲೂ ಲೆಕ್ಕಕ್ಕಿರೋ ಪಾತ್ರ ಏಳೆಂಟು ದಾಟಲ್ಲ. ಭಾನುವಾರ ಕೂತು ಮುಗಿಸೋಕೆ ಬೇಕಾದ್ರೆ ಕಾದಂಬರಿ ಬಿಟ್ಟು ನೀಳ್ಗತೆ ಹಿಡೀರಿ. ಶುರು ಮಾಡೋಕೂ ಅದೇ ಸರಿ. ಸ್ಟಾನ್ಲಿ ವೈನ್‌ಬಾಮ್ ಅವರ ‘ಎ ಮಾರ್ಷಿಯನ್ ಒಡಿಸ್ಸಿ’, 1934, ಸುಮಾರು ಹತ್ತು ಸಾವಿರ ಪದ.

ಕತೆ ಇಷ್ಟೇ. ಮಂಗಳಕ್ಕೆ ಹೋದ ನಾಲ್ವರಲ್ಲಿ ಒಬ್ಬನ ಚಿಕ್ಕ ರಾಕೆಟ್ ಕೆಟ್ಟು ಬೀಳುತ್ತೆ, ಅವನು ಹಡಗಿಗೆ ನಡೆದು ವಾಪಸ್ ಬರಬೇಕು. ದಾರಿಯಲ್ಲಿ ಉಷ್ಟ್ರಪಕ್ಷಿ ಥರದ ಟ್ವೀಲ್ ಜೊತೆಯಾಗ್ತಾನೆ. ಅವನು ದೊಡ್ಡ ದೊಡ್ಡ ನೆಗೆತ ಹಾಕಿ, ಪ್ರತೀ ಸಲ ಕೊಕ್ಕು ನೆಲಕ್ಕೆ ಚುಚ್ಚಿಕೊಂಡು ಇಳಿಯೋನು. ಇನ್ನೊಂದು ಪ್ರಾಣಿ ಸಿಲಿಕಾನ್‌ನಿಂದಾದದ್ದು. ನಾವು ಉಸಿರಲ್ಲಿ ಇಂಗಾಲದ ಡೈಆಕ್ಸೈಡ್ ಬಿಟ್ರೆ ಅದು ಬಿಡೋದು ಸಿಲಿಕಾ, ಅದು ಅನಿಲ ಅಲ್ಲ, ಗಟ್ಟಿ ಪದಾರ್ಥ. ಹಾಗಾಗಿ ಹತ್ತು ನಿಮಿಷಕ್ಕೊಂದು ಇಟ್ಟಿಗೆ ಹೊರಗೆ ಹಾಕುತ್ತೆ. ಹಾಕಿದ ಇಟ್ಟಿಗೆಯನ್ನ ಸುತ್ತ ಪೇರಿಸಿ ಪಿರಮಿಡ್ ಕಟ್ಟುತ್ತೆ, ತುದಿ ಮುಚ್ಚಿಕೊಂಡ ಮೇಲೆ ಒಡೆದು ಹೊರಬಂದು ಪಕ್ಕದಲ್ಲಿ ಇನ್ನೊಂದು ಶುರು ಮಾಡುತ್ತೆ. ಇಷ್ಟು ಗಂಭೀರವಾದ ರಸಾಯನಶಾಸ್ತ್ರವನ್ನ ಇಷ್ಟು ನಗೆಯಲ್ಲಿ ಹೇಳಿದವರು ಕಮ್ಮಿ.

ಬಾಳೆಲೆ ಬೆಕ್ಕು

ಹತ್ತು ನಿಮಿಷಕ್ಕೊಂದು ಇಟ್ಟಿಗೆಯಾ? ದಿನಕ್ಕೆ 144. ತೋಟದ ಲೈನ್‌ಮನೆ ರಿಪೇರಿಗೆ ಎರಡು ಕಳಿಸಿ.

ಸ್ಲೈಡ್‌ರೂಲ್ (ಮಡಿಕೇರಿ)

ಮೊದಲನೇ ಪಕ್ಷದವರಿಗೆ ನನ್ನ ಉತ್ತರ: ವಿಜ್ಞಾನ ತಪ್ಪು ಅನ್ನೋ ಮೊದಲು ಪುಸ್ತಕದ ಇಸವಿ ನೋಡಿ. ಬರೆದಾಗಲೇ ತಪ್ಪಾಗಿದ್ದು ಬೇರೆ, ಆಮೇಲೆ ತಪ್ಪಾಗಿದ್ದು ಬೇರೆ.

ಶುಕ್ರನಲ್ಲಿ ಕಾಡು, ಜೌಗು, ಸಮುದ್ರ ಇದ್ದು ಪುಸ್ತಕ 1962ಕ್ಕಿಂತ ಹಿಂದಿನದಾದ್ರೆ ಅದು ಲೇಖಕರ ದಡ್ಡತನ ಅಲ್ಲ. ಮೋಡದ ಕೆಳಗೆ ಏನಿದೆ ಅಂತ ಯಾರೂ ಕಂಡಿರಲಿಲ್ಲ. 1962ರ ಡಿಸೆಂಬರಲ್ಲಿ ಅಮೆರಿಕದ ನೌಕೆ ಮ್ಯಾರಿನರ್-2 ಪಕ್ಕದಲ್ಲಿ ಹಾದು ನೆಲ ಕುದಿಯುತ್ತಿದೆ ಅಂತ ತೋರಿಸಿತು. ಇವತ್ತಿನ ಲೆಕ್ಕ ಸುಮಾರು 465 ಡಿಗ್ರಿ ಸೆಲ್ಸಿಯಸ್, ಒತ್ತಡ ನಮ್ಮದರ 90 ಪಟ್ಟಿಗೂ ಹೆಚ್ಚು. ಬುಧನ ಒಂದು ಮುಖ ಸದಾ ಸೂರ್ಯನ ಕಡೆ, ನಡುವೆ ಹಿತವಾದ ಮುಸ್ಸಂಜೆ ಪಟ್ಟಿ ಅನ್ನೋದು 1965ರವರೆಗೆ ಪಠ್ಯಪುಸ್ತಕದಲ್ಲೇ ಇತ್ತು. ಆ ವರ್ಷ ರೇಡಾರ್ ಬಿಟ್ಟು ನೋಡಿದಾಗ ಬುಧ 59 ದಿನಕ್ಕೊಮ್ಮೆ ತಿರುಗುತ್ತೆ ಅಂತ ಗೊತ್ತಾಯ್ತು. ಮಂಗಳನ ಕಾಲುವೆಗಳ ಮಾತು 1877ರಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ಅವರಿಂದ ಶುರುವಾಗಿದ್ದು, ಆಸೆ ಪೂರ್ತಿ ಮುಗಿದದ್ದು 1965ರ ಜುಲೈಯಲ್ಲಿ, ಮ್ಯಾರಿನರ್-4 ಕುಳಿಗಳ ಚಿತ್ರ ಕಳಿಸಿದಾಗ. ಅಂದ್ರೆ ಹಳೇ ಸೌರಮಂಡಲ ಮೂರೇ ವರ್ಷದಲ್ಲಿ ಮುಳುಗಿ ಹೋಯ್ತು. ಈ ಕಾದಂಬರಿಗಳ ನಕ್ಷೆ ಅದರದ್ದು.

ಐಸಾಕ್ ಅಸಿಮೋವ್ ಅವರು ಪಾಲ್ ಫ್ರೆಂಚ್ ಅನ್ನೋ ಹೆಸರಲ್ಲಿ 1952–58ರಲ್ಲಿ ಮಕ್ಕಳಿಗೆ ಆರು ಸಾಹಸ ಬರೆದ್ರು. ಅದರಲ್ಲಿ ಶುಕ್ರನ ತುಂಬ ಸಮುದ್ರ. ನಂತರದ ಮುದ್ರಣಗಳಿಗೆ ಅವರೇ ಮುನ್ನುಡಿ ಸೇರಿಸಿ, ಖಗೋಳ ವಿಜ್ಞಾನ ಮುಂದೆ ಹೋಗಿದೆ, ಕತೆಯನ್ನ ಕತೆಯಾಗಿ ಓದಿ ಅಂತ ತಿಳಿಸಿದ್ರು. ನಿಮ್ಮ ಗುಂಪಲ್ಲಿ ಮೊದಲು ಆ ಮುನ್ನುಡಿ ಓದಿಸಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ರೊಬಸ್ಟಾ (ಗೋಣಿಕೊಪ್ಪ)

ಬರೆದಾಗಲೇ ತಪ್ಪಾಗಿದ್ದು ಅಂದ್ರಲ್ಲ, ಅದು ಯಾವುದು?

ಸ್ಲೈಡ್‌ರೂಲ್ (ಮಡಿಕೇರಿ)

ಬೇಕಾದಷ್ಟಿದೆ. ನಾಲ್ಕು ಹೇಳ್ತೀನಿ.

ನೆಗೆತ. ಬರೋಸ್ ಅವರ ನಾಯಕ ಮಂಗಳಕ್ಕೆ ಬಂದವನೇ ತಪ್ಪಿಸಿಕೊಳ್ಳೋಕೆ ನೆಗೆದು ಮೂವತ್ತು ಅಡಿ ಮೇಲೆ ಹಾರ್ತಾನೆ. ಮಂಗಳನ ಗುರುತ್ವ ನಮ್ಮದರ 38 ಪ್ರತಿಶತ. ಇಲ್ಲಿ ಅರ್ಧ ಮೀಟರ್ ಹಾರೋನು ಅಲ್ಲಿ 1.3 ಮೀಟರ್ ಹಾರಬಹುದು. ನಾಲ್ಕೂಕಾಲು ಅಡಿ. ಬೇಲಿ ದಾಟಬಹುದು, ಕೋಟೆ ಗೋಡೆ ಅಲ್ಲ.

ಕ್ಷುದ್ರಗ್ರಹಗಳ ನಡುವೆ ಹಡಗು ಅತ್ತಿಂದಿತ್ತ ನುಸುಳೋದು. ಅಲ್ಲಿ ಒಂದು ಬಂಡೆಗೂ ಇನ್ನೊಂದಕ್ಕೂ ಸರಾಸರಿ ಹತ್ತು ಲಕ್ಷ ಕಿಲೋಮೀಟರ್ ಹತ್ತಿರ ಅಂತರ. ಕಣ್ಣು ಮುಚ್ಚಿ ಓಡಿಸಿದ್ರೂ ಏನೂ ತಾಗಲ್ಲ. 1972–73ರಲ್ಲಿ ಪಯನಿಯರ್-10 ನೌಕೆ ಆರಾಮಾಗಿ ದಾಟಿತು.

ಭೂಮಿಗೂ ಮಂಗಳಕ್ಕೂ ಎದುರುಬದುರು ಕೂತ ಹಾಗೆ ಮಾತುಕತೆ. ಬೆಳಕಿಗೇ ಒಂದು ಕಡೆಗೆ 3ರಿಂದ 22 ನಿಮಿಷ ಬೇಕು. "ಶರಣಾಗು" ಅಂದ್ರೆ "ಆಗಲ್ಲ" ಅನ್ನೋ ಉತ್ತರಕ್ಕೆ ಮುಕ್ಕಾಲು ಗಂಟೆ ಕಾಯಬೇಕಾಗಬಹುದು.

ಪಿಸ್ತೂಲಿನ ಕಿರಣ ಪಕ್ಕದಿಂದ ಕಾಣೋದು. ಬೆಳಕು ಚದುರಿಸೋಕೆ ಹೊಗೆಯೋ ದೂಳೋ ಮಂಜೋ ಬೇಕು. ಮಡಿಕೇರಿಯಲ್ಲಿ ಕಾಣಬಹುದು, ಶೂನ್ಯದಲ್ಲಿ ಕಾಣಲ್ಲ.

ಇನ್ನು ಪ್ರಯಾಣದ ಲೆಕ್ಕ. ಇದು ನನಗೆ ಬಹಳ ಇಷ್ಟ. ಹಳೇ ಕಾದಂಬರಿಯಲ್ಲಿ ಎಂಜಿನ್ ದಾರಿಯುದ್ದಕ್ಕೂ ಉರೀತಾನೇ ಇರುತ್ತೆ. ಅರ್ಧ ದಾರಿ ವೇಗ ಹೆಚ್ಚಿಸು, ನಡುವೆ ಹಡಗು ತಿರುಗಿಸು, ಉಳಿದರ್ಧ ತಗ್ಗಿಸು. ಒಳಗೆ ಭೂಮಿಯಷ್ಟೇ ತೂಕ ಇರಬೇಕು ಅಂತಿಟ್ಕೊಂಡ್ರೆ ಸಮಯ ಅಂದ್ರೆ ದೂರವನ್ನ 9.8ರಿಂದ ಭಾಗಿಸಿ ವರ್ಗಮೂಲ ತೆಗೆದು ಎರಡರಿಂದ ಗುಣಿಸೋದು, ದೂರ ಮೀಟರಲ್ಲಿ, ಉತ್ತರ ಸೆಕೆಂಡಲ್ಲಿ. ಚಂದ್ರನಿಗೆ 3,84,000 ಕಿಲೋಮೀಟರ್: ಮೂರೂವರೆ ಗಂಟೆ. ಮಂಗಳ ಹತ್ತಿರ ಬಂದಾಗ ಸುಮಾರು 5.6 ಕೋಟಿ ಕಿಲೋಮೀಟರ್: 42 ಗಂಟೆ. ವಿರಾಜಪೇಟೆ ಬಸ್ ಹತ್ತಿ ಬೆಂಗಳೂರಿಗೆ ಹೋಗೋಷ್ಟರಲ್ಲಿ ಚಂದ್ರ ಬಂದುಬಿಡುತ್ತೆ. ನಮ್ಮ ಚಂದ್ರಯಾನ-3 ಹೊರಟಿದ್ದು 2023ರ ಜುಲೈ 14, ಇಳಿದದ್ದು ಆಗಸ್ಟ್ 23.

ನಾಪೋಕ್ಲು ನಾವಿಕ

ಹಾಗಾದ್ರೆ ಹಾಗೇ ಯಾಕೆ ಹೋಗಲ್ಲ? ಎಂಜಿನ್ ಆರಿಸದೆ ಹೋದ್ರೆ ಆಯ್ತಲ್ಲ.

ಸ್ಲೈಡ್‌ರೂಲ್ (ಮಡಿಕೇರಿ)

ಇಂಧನ ಅಣ್ಣ. ಆ ಮೂರೂವರೆ ಗಂಟೆಯ ಚಂದ್ರಯಾತ್ರೆಗೆ ವೇಗದ ಒಟ್ಟು ಬದಲಾವಣೆ ಸೆಕೆಂಡಿಗೆ 123 ಕಿಲೋಮೀಟರ್. ಜಲಜನಕ-ಆಮ್ಲಜನಕದ ಒಳ್ಳೇ ಎಂಜಿನ್ ಹೊರಹಾಕೋ ಅನಿಲದ ವೇಗ ಸೆಕೆಂಡಿಗೆ ಸುಮಾರು 4.5. ಇಷ್ಟು ವೇಗಕ್ಕೆ ಇಷ್ಟು ಇಂಧನ ಅಂತ ಹೇಳೋ ರಾಕೆಟ್ ಸಮೀಕರಣಕ್ಕೆ ಹಾಕಿ ನೋಡಿ: ಒಂದು ಕಿಲೋ ಸಾಮಾನಿಗೆ 70 ಸಾವಿರ ಕೋಟಿ ಕಿಲೋಗೂ ಮೇಲೆ ಇಂಧನ. ಅದಕ್ಕೇ ನಿಜವಾದ ನೌಕೆ ಸ್ವಲ್ಪ ಹೊತ್ತು ಉರಿಸಿ, ಆರಿಸಿ, ತೇಲಿಕೊಂಡು ಹೋಗೋದು. ಚಂದ್ರಯಾನ ಭೂಮಿ ಸುತ್ತ ಕಕ್ಷೆಯನ್ನ ಹಂತ ಹಂತವಾಗಿ ಹಿಗ್ಗಿಸಿಕೊಂಡು ಹೋಗಿದ್ದು ಇದೇ ಉಳಿತಾಯಕ್ಕೆ.

ಹಳೇ ಲೇಖಕರಿಗೂ ಇದು ಗೊತ್ತಿತ್ತು. ಅದಕ್ಕೇ ಪ್ರತೀ ಕಾದಂಬರಿಗೂ ಒಂದು ಗುಟ್ಟಿನ ಲೋಹ. ಸ್ಕೈಲಾರ್ಕ್‌ನ ಮೊದಲ ಪುಟದಲ್ಲೇ ಪ್ಲಾಟಿನಂ ಗಸಿಯಿಂದ ತೆಗೆದ ಯಾವುದೋ ದ್ರಾವಣ ಸೋಕಿ, ಪ್ರಯೋಗಶಾಲೆಯ ತಾಮ್ರದ ಪಾತ್ರೆ ಕಿಟಕಿಯಿಂದ ಸೊಯ್ಯನೆ ಹಾರಿಹೋಗುತ್ತೆ. ಅದೊಂದು ಸುಳ್ಳು ಒಪ್ಪಿಕೊಳ್ಳಿ, ಮುಂದಿನದೆಲ್ಲ ಲೆಕ್ಕದ ಪ್ರಕಾರ ನಡೆಯುತ್ತೆ ಅನ್ನೋದು ಕರಾರು. ಸ್ಮಿತ್ ಅವರು ರಸಾಯನ ಎಂಜಿನಿಯರ್, ಹೊಟ್ಟೆಪಾಡಿಗೆ ಡೋನಟ್ ಹಿಟ್ಟಿನ ಮಿಶ್ರಣ ತಯಾರಿಸ್ತಿದ್ದವರು. ಪಾತ್ರೆ, ಆವಿ, ದ್ರಾವಣದ ವಿವರ ಹಾಗಾಗಿ ಗಟ್ಟಿ ಇದೆ.

ಬಾಳೆಲೆ ಬೆಕ್ಕು

ಬೆಳಕಿಗಿಂತ ಜೋರು ಹೋಗೋ ಹಡಗು, ದಾರಿ ಲೆಕ್ಕಕ್ಕೆ ಮಾತ್ರ ಸ್ಲೈಡ್ ರೂಲ್. ನಿಮ್ಮ ಹೆಸರು ಅಲ್ಲಿಂದಾನಾ ಸ್ವಾಮಿ?

ಸ್ಲೈಡ್‌ರೂಲ್ (ಮಡಿಕೇರಿ)

ಅಲ್ಲಿಂದಲೇ. ಪಟ್ಟಿ ಜಾರಿಸಿ ಗುಣಾಕಾರ, ಭಾಗಾಕಾರ ಮಾಡೋ ಹಳೇ ಸಾಧನ ಅದು. ಹತ್ತು ಇಂಚಿನ ಸ್ಲೈಡ್ ರೂಲಿಂದ ಮೂರು ಅಂಕಿ ನಿಖರತೆ ಸಿಗುತ್ತೆ. ಮಂಗಳದ ದೂರಕ್ಕೆ ಅದನ್ನ ಹಚ್ಚಿದ್ರೆ ಲಕ್ಷ ಕಿಲೋಮೀಟರ್ ಆಚೀಚೆ, ಗ್ರಹದ ಅಗಲವೇ 6,800. ನಾಯಕ ಪ್ರತೀ ಸಲ ಸರಿಯಾಗಿ ಇಳೀತಾನಲ್ಲ, ನಿಜವಾದ ಪವಾಡ ಅದು. 1972ರಲ್ಲಿ ಜೇಬಿನ ವೈಜ್ಞಾನಿಕ ಕ್ಯಾಲ್ಕುಲೇಟರ್ ಬಂತು, ಈ ಆಟ ಮುಗೀತು.

ಕಾವೇರಿತೀರ (ಕುಶಾಲನಗರ)

ವಿಜ್ಞಾನದ ತಪ್ಪಿಗೆ ಇಸವಿ ನೋಡಿ ಮಾಫಿ ಕೊಡ್ತೀರಿ, ಸರಿ. ಉಳಿದದ್ದಕ್ಕೆ? ಹೆಣ್ಣು ಅಂದ್ರೆ ಕಿರುಚೋಕೆ, ಕಳುವಾಗೋಕೆ, ಕೊನೇ ಪುಟದಲ್ಲಿ ಮದುವೆಯಾಗೋಕೆ. ಬೇರೆ ಗ್ರಹದವರು ಅಂದ್ರೆ ಒಂದೋ ಸೇವಕರು, ಇಲ್ಲ ರಾಕ್ಷಸರು. ಶುಕ್ರ ಗ್ರಹದಲ್ಲಿ ಬಿಳಿ ಬಟ್ಟೆಯ ಯಜಮಾನ, ಜೌಗಿನಲ್ಲಿ ದುಡಿಯೋ ಸ್ಥಳೀಯರು, ಸಂಜೆ ಕ್ಲಬ್ಬಲ್ಲಿ ಕುಡಿತ. 1834ರ ನಂತರದ ಕೊಡಗಿನ ಬ್ರಿಟಿಷ್ ದೊರೆಗಳ ಬಂಗಲೆಯನ್ನೇ ಎತ್ತಿ ಮೋಡದ ಕೆಳಗಿಟ್ಟ ಹಾಗಿದೆ. ನಮ್ಮೂರಲ್ಲಿ ಕೂತು ಇದನ್ನ ಬರೀ ಮಜಾ ಅಂತ ಓದೋಕೆ ಬರಲ್ಲ.

ನಾಪೋಕ್ಲು ನಾವಿಕ

ಅಕ್ಕಾ, ಲಘು ಓದು ಅಂತ ಕೇಳಿದ್ದು. ಎಲ್ಲದರಲ್ಲೂ ವಿಮರ್ಶೆ ಯಾಕೆ?

ಕಾವೇರಿತೀರ (ಕುಶಾಲನಗರ)

ಲಘು ಅಂದ್ರೆ ಕಣ್ಣು ಮುಚ್ಚಿಕೊಂಡು ಅಂತ ಅಲ್ಲ ತಮ್ಮಾ. ಓದಬೇಡಿ ಅಂತ ನಾನು ಹೇಳಿಲ್ಲ, ಆಯ್ಕೆ ಸರಿ ಮಾಡಿ ಅಂತಿದ್ದೀನಿ. ಅದೇ ಪತ್ರಿಕೆಗಳಲ್ಲಿ ಹೆಂಗಸರೂ ಬರೀತಿದ್ರು. ಸಿ. ಎಲ್. ಮೂರ್ ಅಂದ್ರೆ ಕ್ಯಾಥರೀನ್ ಮೂರ್. 1933ರಲ್ಲಿ ಬಂದ ಅವರ ಮೊದಲ ಮಂಗಳ ಕತೆಯಲ್ಲಿ, ಕಾಪಾಡಿದ ಹೆಣ್ಣಿನಿಂದಲೇ ನಾಯಕನಿಗೆ ಕಂಟಕ. ಲೀ ಬ್ರ್ಯಾಕೆಟ್ 1940ರಿಂದ ಬರೆದ್ರು. ಅವರ ಮಂಗಳ ಮುದಿಯಾದ ಊರು, ಒಣಗಿದ ಕಾಲುವೆ. ಭೂಮಿಯಿಂದ ಬಂದ ಕಂಪನಿಗಳು ಅಲ್ಲಿ ಲೂಟಿಗಿಳಿದಿವೆ, ನಾಯಕ ಸ್ಥಳೀಯರ ಕಡೆ. ಸಾಹಸ, ಕತ್ತಿ, ಓಟ ಎಲ್ಲ ಇದೆ, ದೊರೆಗಿರಿ ಇಲ್ಲ.

ಸ್ಕೈಲಾರ್ಕ್‌ಗೂ ಇಬ್ಬರು ಲೇಖಕರು ಅನ್ನೋದನ್ನ ಮಾಷ್ಟ್ರು ಬಿಟ್ಟುಬಿಟ್ರು. 1928ರ ಪತ್ರಿಕೆಯಲ್ಲಿ ಲೀ ಹಾಕಿನ್ಸ್ ಗಾರ್ಬಿ ಅನ್ನೋ ಮಹಿಳೆಯ ಹೆಸರೂ ಇದೆ. ಪ್ರೇಮದ ಭಾಗ ನಾನು ಬರೀತೀನಿ ಅಂತ ಗಾರ್ಬಿ ಅವರೇ ಮುಂದೆ ಬಂದಿದ್ದು. ಆಮೇಲಿನ ಅಗ್ಗದ ಮುದ್ರಣದಲ್ಲಿ ಹೆಸರು ಮಾಯ. ಹಳೇ ಪುಸ್ತಕಗಳನ್ನ ಪುಕ್ಕಟೆ ಕೊಡೋ ಗುಟೆನ್‌ಬರ್ಗ್ ತಾಣದಲ್ಲಿರೋದು 1928ರ ಪಾಠ, ಓದೋದಾದ್ರೆ ಅದನ್ನೇ ಓದಿ.

ರೊಬಸ್ಟಾ (ಗೋಣಿಕೊಪ್ಪ)

ಸ್ಮಿತ್ ಅವರ ಲೆನ್ಸ್‌ಮನ್ ಸರಣಿ ಒಂದನೇ ಪುಸ್ತಕದಿಂದ ಹಿಡೀಬಹುದಾ?

ಸೋಮವಾರಪೇಟೆ ಮಾಷ್ಟ್ರು

ಬೇಡ ಬೇಡ. ಸರಣಿ ಅರ್ಧಕ್ಕೆ ಬಿಡೋರಲ್ಲಿ ಬಹಳ ಜನ ಎಡವೋದು ಅಲ್ಲೇ. ಒಂದನೇ ನಂಬರಿನ ‘ಟ್ರೈಪ್ಲಾನೆಟರಿ’ ಮೂಲದಲ್ಲಿ 1934ರ ಬಿಡಿ ಕತೆ. 1948ರಲ್ಲಿ ಪುಸ್ತಕ ಮಾಡುವಾಗ ಶುರುವಿಗೆ ಹೊಸ ಅಧ್ಯಾಯ ಜೋಡಿಸಿ ಸರಣಿಗೆ ಹೊಲಿದ್ರು. ಆ ಹೊಲಿಗೆಯಲ್ಲಿ, ವಿಶ್ವದ ಹಿಂದೆ ಯಾರ ಕೈವಾಡ ಇದೆ ಅನ್ನೋ ಗುಟ್ಟು ಶುರುವಿನಲ್ಲೇ ಬಯಲು. ಪತ್ರಿಕೆಯ ಓದುಗರಿಗೆ ಅದು ವರ್ಷಗಟ್ಟಲೆ ಒಂದೊಂದೇ ಪದರ ಬಿಚ್ಚಿಕೊಂಡಿತ್ತು. ‘ಗ್ಯಾಲಾಕ್ಟಿಕ್ ಪೆಟ್ರೋಲ್’ನಿಂದ ಶುರು ಮಾಡಿ ಬರೆದ ಕ್ರಮದಲ್ಲೇ ಹೋಗಿ, ಒಂದನೇ, ಎರಡನೇ ನಂಬರಿನವು ಕೊನೆಗೆ ಓದಿದ್ರೂ ನಷ್ಟ ಇಲ್ಲ.

ಇನ್ನೊಂದು ಎಚ್ಚರಿಕೆ. ಅಲ್ಲಿ ಆಯುಧ ಬೆಳೀತಾ ಹೋಗುತ್ತೆ. ಪಿಸ್ತೂಲು, ಆಮೇಲೆ ಹಡಗಿನ ಕಿರಣ, ಆಮೇಲೆ ಸಾವಿರ ಹಡಗು, ಕೊನೆಗೆ ಶತ್ರುವಿನ ಗ್ರಹದ ಎರಡೂ ಕಡೆಯಿಂದ ಎರಡು ಗ್ರಹ ತಂದು ಜಜ್ಜೋದು! ಎರಡು ಪುಸ್ತಕ ಆದಮೇಲೆ ಬೇರೆಯವರದ್ದೊಂದು ಓದಿ, ಆಮೇಲೆ ವಾಪಸ್ ಬನ್ನಿ.

ಬಾಳೆಲೆ ಬೆಕ್ಕು

ಗ್ರಹ ಎತ್ತಿ ಹೊಡೆಯೋರಿಗೆ ಕೈಲ್‌ಪೋಳ್ದ್‌ನಲ್ಲಿ ಆಯುಧ ಪೂಜೆಗೆ ಏನಿಡ್ತಾರೋ.

ಮೊಬೈಲ್ ಓದುಗ (ಪೊನ್ನಂಪೇಟೆ)

ನಮ್ಮಲ್ಲೇ ಇಲ್ವಾ ಇಂಥದ್ದು? ಎಲ್ಲ ಅಮೆರಿಕದ್ದೇ ಹೇಳ್ತಿದ್ದೀರಿ.

ಸೋಮವಾರಪೇಟೆ ಮಾಷ್ಟ್ರು

ಕನ್ನಡದಲ್ಲಿ ವಿಜ್ಞಾನ ಕಾದಂಬರಿ ಅಂದ್ರೆ ರಾಜಶೇಖರ ಭೂಸನೂರಮಠ ಅವರನ್ನ ಓದಲೇಬೇಕು. ಆದ್ರೆ ಈ ಪ್ರಶ್ನೆಯಲ್ಲಿರೋ ಲಘು ಸಾಹಸದ ರುಚಿ, ಅಂದ್ರೆ ಚಿಕ್ಕ ಪುಸ್ತಕ, ಸರಣಿ ನಾಯಕ, ಅಧ್ಯಾಯದ ಕೊನೆಗೊಂದು ಗಂಟು, ಇದು ನಮ್ಮಲ್ಲಿ ಪತ್ತೇದಾರಿ ಕಡೆ ಹರೀತು. ಎನ್. ನರಸಿಂಹಯ್ಯ ಅವರ ಪುರುಷೋತ್ತಮ, ಅರಿಂಜಯ, ಗಾಳಿರಾಯ. ಕಟ್ಟುವ ಕೆಲಸ ಒಂದೇ, ರಾಕೆಟ್ ಬದಲು ಜಟಕಾ. ಮ. ರಾಮಮೂರ್ತಿ ಅವರೂ ಪತ್ತೇದಾರಿ ಬರೆದವರೇ.

ನಾಪೋಕ್ಲು ನಾವಿಕ

ಕನ್ನಡ ಬಾವುಟದ ರಾಮಮೂರ್ತಿಯವರಾ?

ಸೋಮವಾರಪೇಟೆ ಮಾಷ್ಟ್ರು

ಅವರೇ. ಹಳದಿ-ಕೆಂಪು ಬಾವುಟ ರೂಪಿಸಿದವರು. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಹಳೇ ಕಾಗದ (ಮಡಿಕೇರಿ)

ಯಾರೂ ಕೇಳಿಲ್ಲ, ಆದ್ರೂ ಹೇಳಲೇಬೇಕು. ಈ ಪುಸ್ತಕಗಳನ್ನ ಹಳೇ ಪುಸ್ತಕದಂಗಡಿಯಿಂದ ತಂದು ಕಕ್ಕಡದಲ್ಲಿ ಬಿಚ್ಚಿಟ್ರೆ ಆಗಸ್ಟ್ ಹೊತ್ತಿಗೆ ಬೂಷ್ಟು ಗ್ಯಾರಂಟಿ. ಕಾಗದ ಮರದ ತಿರುಳನ್ನ ಹಾಗೇ ಅರೆದು ಮಾಡಿದ್ದು, ಅದರಲ್ಲಿರೋ ಲಿಗ್ನಿನ್ ಬೆಳಕು ಗಾಳಿಗೆ ಹಳದಿಯಾಗಿ ಆಮ್ಲ ಬಿಡುತ್ತೆ, ಅಂಚು ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಮಳೆಗಾಲದಲ್ಲಿ ಅದರ ಮೇಲೆ ತೇವ. ಗಾಳಿಯ ತೇವಾಂಶ 65–70 ಪ್ರತಿಶತ ದಾಟಿದ್ರೆ ಬೂಷ್ಟು ಏಳುತ್ತೆ, ನಮ್ಮಲ್ಲಿ ವಾರಗಟ್ಟಲೆ 90ರ ಮೇಲೆ.

ರಬ್ಬರ್ ಪಟ್ಟಿ ಇರೋ ಗಾಳಿಯಾಡದ 20 ಲೀಟರ್ ಡಬ್ಬ ತಗೊಳ್ಳಿ. ಒಳಗೆ ಒಂದು ಚಿಕ್ಕ ತೇವಾಂಶ ಮೀಟರ್, ಬಟ್ಟೆ ಚೀಲದಲ್ಲಿ ತೇವ ಹೀರೋ ಸಿಲಿಕಾ ಜೆಲ್ ಹರಳು ಕಾಲು ಕಿಲೋ. ಬಣ್ಣ ನೋಡೋದಕ್ಕಿಂತ ತೂಕ ನೋಡೋದು ಮೇಲು: 250 ಗ್ರಾಂ ಇದ್ದದ್ದು 300 ಆದ್ರೆ ತುಂಬಿದೆ ಅಂತ. ಅವನ್‌ನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ರೆ ಮತ್ತೆ 250ಕ್ಕೆ ಬರುತ್ತೆ. ನೀಲಿಯಿಂದ ಗುಲಾಬಿಗೆ ತಿರುಗೋ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತೆ, ಮಕ್ಕಳಿರೋ ಮನೆಗೆ ಕಿತ್ತಳೆ ಬಣ್ಣದ್ದು ತನ್ನಿ. ಡಬ್ಬದೊಳಗೆ 45–55 ಇದ್ರೆ ಸಾಕು, 30ಕ್ಕಿಂತ ಕೆಳಗೆ ಇಳಿಸಬೇಡಿ, ಬೆನ್ನಿನ ಅಂಟು ಬಿರಿಯುತ್ತೆ.

ಕೆಟ್ಟುಹೋಗೋದು ಎಲ್ಲಿ ಅಂದ್ರೆ, ಜನ ಜುಲೈಯಲ್ಲಿ ತುಂಬಿಸ್ತಾರೆ. ಅಷ್ಟು ಹೊತ್ತಿಗೆ ಪುಸ್ತಕವೇ ತೇವ ಕುಡಿದಿರುತ್ತೆ. ಹತ್ತು ಕಿಲೋ ಪುಸ್ತಕದಿಂದ ಅರ್ಧ ಲೀಟರ್ ನೀರು ಹೊರಬರಬೇಕಾಗಬಹುದು, ಕಾಲು ಕಿಲೋ ಜೆಲ್ ಅದಕ್ಕೆ ಎಲ್ಲಿ ಸಾಕು? ಫೆಬ್ರವರಿ-ಮಾರ್ಚಲ್ಲಿ, ಕಾಫಿಯ ಹೂಮಳೆ ಬೀಳೋ ಮೊದಲು ತುಂಬಿಸಿ ಮುಚ್ಚಬೇಕು. ಈಗ ತಡ ಆಗಿದ್ದರೆ ಡಬ್ಬಕ್ಕೆ ನಾಲ್ಕೈದು ಪುಸ್ತಕ ಮಾತ್ರ ಹಾಕಿ, ಮೊದಲ ವಾರ ದಿನಾ ಜೆಲ್ ಬದಲಿಸಿ.

ರೊಬಸ್ಟಾ (ಗೋಣಿಕೊಪ್ಪ)

ಒಲೆ ಮೇಲಿನ ಅಟ್ಟದಲ್ಲಿಟ್ರೆ ಆಗಲ್ವಾ? ಮೊದಲಿಂದ ಅಲ್ಲೇ ಇಡೋದು. ನುಸಿಗುಳಿಗೆ ಹಾಕಿದ್ರಾಯ್ತು.

ಹಳೇ ಕಾಗದ (ಮಡಿಕೇರಿ)

ಅಟ್ಟದಲ್ಲಿ ತೇವ ಇಲ್ಲ, ಸರಿ. ಆದ್ರೆ ಹೊಗೆಯ ಮಸಿ ಆಮ್ಲ, ಕಾಗದ ಇನ್ನೂ ಬೇಗ ಪುಡಿಯಾಗುತ್ತೆ. ವಾಸನೆಯಂತೂ ಹೋಗಲ್ಲ. ಮೆಣಸು, ಬಿತ್ತನೆ ಬೀಜಕ್ಕೆ ಅಟ್ಟ ಸರಿ, ಪುಸ್ತಕಕ್ಕೆ ಬೇಡ. ನುಸಿಗುಳಿಗೆ ಹುಳಕ್ಕಷ್ಟೆ, ಬೂಷ್ಟಿಗೆ ಏನೂ ಮಾಡಲ್ಲ. ಬಿಸಿಲಿಗೆ ಹಾಕೋದೂ ಬೇಡ, ಬಣ್ಣದ ಹೊದಿಕೆ ಹೋಗಿಬಿಡುತ್ತೆ, ಈ ಪುಸ್ತಕಗಳಲ್ಲಿ ಅರ್ಧ ಬೆಲೆ ಹೊದಿಕೆಯದ್ದೇ. ಪೂರ್ತಿ ನೆಂದದ್ದಾದ್ರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡು ದಿನದೊಳಗೆ ಫ್ರೀಜರ್‌ಗೆ. ಬೂಷ್ಟು ನಿಲ್ಲುತ್ತೆ, ಆಮೇಲೆ ನಿಧಾನಕ್ಕೆ ಹಾಳೆ ಹಾಳೆ ಒಣಗಿಸಬಹುದು.

ಎರಡು ಕಾದಂಬರಿ ಬೆನ್ನಿಗೆ ಬೆನ್ನು ಅಂಟಿಸಿ, ಒಂದನ್ನ ತಲೆಕೆಳಗಾಗಿ ಹಾಕಿದ ‘ಏಸ್ ಡಬಲ್’ ಪುಸ್ತಕ 1952ರಿಂದ ಬಂದವು. ಸಿಕ್ರೆ ಬಿಡಬೇಡಿ, ಒಂದು ರೇಟಿಗೆ ಎರಡು ಸಾಹಸ. ಕೊಳ್ಳುವಾಗ ಎರಡೂ ಕಡೆಯ ಹೊದಿಕೆ ನೋಡಿ, ನಡುವೆ ಎರಡು ಕತೆ ಸೇರೋ ಜಾಗದಲ್ಲಿ ಹಾಳೆ ಹರಿದಿದೆಯಾ ನೋಡಿ. ಅಲ್ಲಿ ಹೋದ್ರೆ ಎರಡಕ್ಕೂ ಕೊನೇ ಪುಟ ಇರಲ್ಲ.

ಮೊಬೈಲ್ ಓದುಗ (ಪೊನ್ನಂಪೇಟೆ)

ಇಷ್ಟೆಲ್ಲ ಯಾಕೆ, ಗುಟೆನ್‌ಬರ್ಗಿಂದ ಮೊದಲೇ ಇಳಿಸಿಟ್ಕೊಳ್ಳಿ. ಚಿತ್ರ ಇಲ್ಲದ ಇ-ಪಬ್ ಕಡತ ಒಂದು ಎಂಬಿಯೂ ಇರಲ್ಲ. ಟವರ್ ಹೋಗೋ ಮೊದಲು ಒಮ್ಮೆ ತೆರೆದು ನೋಡಿ, ಕೆಲವು ಆಪ್‌ಗಳಲ್ಲಿ ಹೆಸರು ಮಾತ್ರ ಇಳಿದಿರುತ್ತೆ, ಪುಸ್ತಕ ಇಳಿದಿರಲ್ಲ.

ಕಕ್ಕಡಮಳೆ (ವಿರಾಜಪೇಟೆ)

ಎಲ್ಲರಿಗೂ ಥ್ಯಾಂಕ್ಸ್. ಹಕ್ಕಿನ ವಿಷಯ ಯಾರೂ ಮುಟ್ಟಲಿಲ್ಲ.

ಕಾವೇರಿತೀರ (ಕುಶಾಲನಗರ)

ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಎಣಿಸಬೇಕು. ವೈನ್‌ಬಾಮ್ ತೀರಿಕೊಂಡದ್ದು 1935, ಯಾವತ್ತೋ ಮುಕ್ತ. ಬರೋಸ್ 1950, ಹಾಗಾಗಿ 2011ರಿಂದ ಮುಕ್ತ. ಸ್ಮಿತ್ 1965, 2026ರ ಜನವರಿ 1ರಿಂದ ಮುಕ್ತ. ಸ್ಕೈಲಾರ್ಕ್‌ಗೆ ಇಬ್ಬರು ಲೇಖಕರಿರೋದ್ರಿಂದ ಕೊನೆಗೆ ತೀರಿಕೊಂಡವರಿಂದ ಎಣಿಸಬೇಕು. ಬ್ರ್ಯಾಕೆಟ್ 1978, ಮೂರ್ 1987, ಅಸಿಮೋವ್ 1992. ಈ ಮೂವರನ್ನ ಅಚ್ಚು ಹಾಕಿಸೋದಾದ್ರೆ ಅನುಮತಿ ಬೇಕೇ ಬೇಕು. ಹೊಸ ಮುದ್ರಣದ ಮುನ್ನುಡಿ, ಹೊದಿಕೆ ಚಿತ್ರಕ್ಕೆ ಬೇರೆ ಹಕ್ಕು ಇರುತ್ತೆ, ಅದನ್ನ ಎತ್ತಬೇಡಿ.

ನಾಪೋಕ್ಲು ನಾವಿಕ

ಚಂದ ಆಯ್ತಲ್ಲ ಅಕ್ಕಾ. ನೀವು ಹೊಗಳಿದ ಇಬ್ಬರು ಸಿಗಲ್ಲ, ಬೈದವರೇ ಪುಕ್ಕಟೆ.

ಕಾವೇರಿತೀರ (ಕುಶಾಲನಗರ)

ಅನುಮತಿ ಬೇಕಾಗಿರೋದು ಅನುವಾದಕ್ಕೆ ತಮ್ಮಾ. ಪುಸ್ತಕ ಕೊಂಡು ಇಂಗ್ಲಿಷಲ್ಲಿ ಓದೋಕೆ ಯಾರ ಅಡ್ಡಿಯೂ ಇಲ್ಲ.

ಕಕ್ಕಡಮಳೆ (ವಿರಾಜಪೇಟೆ)

ಹಾಗಾದ್ರೆ ವೈನ್‌ಬಾಮ್ ಕನ್ನಡಕ್ಕೆ ಮಾಡ್ತೀವಿ. ಗಟ್ಟಿಯಾಗಿ ಓದೋಕೆ ಎಷ್ಟು ಹೊತ್ತು ಹಿಡಿಯಬಹುದು? ಮಕ್ಕಳೂ ಇರ್ತಾರೆ.

ಸೋಮವಾರಪೇಟೆ ಮಾಷ್ಟ್ರು

ಇಂಗ್ಲಿಷಿನ ಹತ್ತು ಸಾವಿರ ಪದ ಕನ್ನಡದಲ್ಲಿ ಏಳೆಂಟು ಸಾವಿರಕ್ಕೆ ಬರುತ್ತೆ, ವಿಭಕ್ತಿ ಎಲ್ಲ ಪದದೊಳಗೇ ಸೇರಿಕೊಳ್ಳೋದ್ರಿಂದ. ನಿಮಿಷಕ್ಕೆ ನೂರು ಪದದ ಲೆಕ್ಕದಲ್ಲಿ ಒಂದೂಕಾಲು ಗಂಟೆ. ಮಕ್ಕಳಿದ್ರೆ ಎರಡು ಸಲಕ್ಕೆ ಹಂಚಿ. ಮೊದಲ ದಿನ ಇಟ್ಟಿಗೆ ಪ್ರಾಣಿ ಪಿರಮಿಡ್ ಒಡೆದು ಹೊರಗೆ ಬಂದಲ್ಲಿಗೆ ನಿಲ್ಲಿಸಿ. ಹಡಗಿನಲ್ಲಿ ಜರ್ಮನ್, ಫ್ರೆಂಚ್ ಜೊತೆಗಾರರು ತಮ್ಮ ರಾಗದಲ್ಲಿ ಇಂಗ್ಲಿಷ್ ಮಾತಾಡ್ತಾರೆ, ಆ ತಮಾಷೆ ಕನ್ನಡದಲ್ಲಿ ನಿಲ್ಲಲ್ಲ, ಬಿಟ್ಟುಬಿಡಿ. ಟ್ವೀಲ್‌ನ ಮಾತು ಮಾತ್ರ ಬಿಡಬೇಡಿ. ಅವನಿಗೆ ಗೊತ್ತಿರೋ ನಮ್ಮ ಪದ ಬೆರಳೆಣಿಕೆಯಷ್ಟು, ಅದರಲ್ಲೇ ಎಲ್ಲ ಹೇಳ್ತಾನೆ. ಅದಕ್ಕೆ ಬೇರೆ ಓದುಗ ಇರಲಿ.

ಬಾಳೆಲೆ ಬೆಕ್ಕು

ನೆಲಕ್ಕೆ ಕೊಕ್ಕು ಚುಚ್ಚೋದು ಯಾರು ಮಾಡ್ತಾರೆ?

ರೊಬಸ್ಟಾ (ಗೋಣಿಕೊಪ್ಪ)

ಮಕ್ಕಳು ಹೇಗೂ ಮಾಡ್ತಾರೆ, ಚಾಪೆ ಹಾಸಿಟ್ಟಿರಿ. ಮಾಷ್ಟ್ರೇ, ಏಸ್ ಡಬಲ್ ಒಂದು ಸಿಕ್ಕಿದೆ, ಯಾವ ಕಡೆಯಿಂದ ಶುರು ಮಾಡೋದು?

ಹಳೇ ಕಾಗದ (ಮಡಿಕೇರಿ)

ಅಂಟು ಯಾವ ಕಡೆ ಗಟ್ಟಿ ಇದೆಯೋ ಆ ಕಡೆಯಿಂದ. ಪೂರ್ತಿ ಬಿಡಿಸಬೇಡಿ, ತೊಂಬತ್ತು ಡಿಗ್ರಿ ಸಾಕು.